ಅರಮನೆಯ ಒಪ್ಪಿಗೆ, ಕಾಗೋಡಿನ ಕೊಳಗ

ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1949ರ ನವೆಂಬರ್ 25ರಂದು ಹೊರಡಿಸಿದ ಘೋಷಣೆಯನ್ನು ಬರಹವೆಂದು ಓದಿದವರು ಕಡಿಮೆ. ಮರುದಿನ ದೆಹಲಿಯಲ್ಲಿ ಅಂಗೀಕಾರವಾಗಲಿದ್ದ ಸಂವಿಧಾನವೇ ಮೈಸೂರಿಗೂ ಸಂವಿಧಾನ. ಅದಕ್ಕೆ ಹೊಂದದ ಸಂಸ್ಥಾನದ ಕಟ್ಟಳೆಗಳು ಅದು ಜಾರಿಗೆ ಬಂದ ದಿನದಿಂದ ರದ್ದು. ತಿರುಳು ಇಷ್ಟೇ. ರಾಜಾಜ್ಞೆಯ ಠೀವಿಯಲ್ಲೇ ರಾಜಾಧಿಕಾರವನ್ನು ಕಳಚಿಡುವ ಈ ಬರವಣಿಗೆಯಲ್ಲಿ ತ್ಯಾಗದ ಜಂಬವೂ ಇಲ್ಲ, ಕಳೆದುಕೊಂಡ ಅಳಲೂ ಇಲ್ಲ. ಆ ಸಂಯಮಕ್ಕೆ ತಲೆದೂಗಲೇಬೇಕು.

ಆದರೆ ದಾರಿಯನ್ನು ಮೊದಲೇ ಹಾಕಿಕೊಟ್ಟವರು ಸರ್ದಾರ್ ಪಟೇಲರು. ಸಂಸ್ಥಾನಕ್ಕೆ ತನ್ನದೇ ಸಂವಿಧಾನ ಸಭೆಯೋ ಶಾಸನಸಭೆಯೋ ಇರುವ ಕಡೆ ಅದರ ನಿರ್ಣಯ, ಅದರ ಮೇಲೆ ರಾಜರ ಒಪ್ಪಿಗೆ ಎಂದು ಅಕ್ಟೋಬರ್ 12ರಂದೇ ಅವರು ದೆಹಲಿಯ ಸಂವಿಧಾನ ಸಭೆಗೆ ವಿವರಿಸಿದ್ದರು. ಹೀಗಾಗಿ ಮೈಸೂರಿನ ಕಾಗದದಲ್ಲಿ ಒಪ್ಪಿಗೆ ಇದೆ, ವಾದವಿಲ್ಲ. ವಾದ ಮಾಡಿಯೇ ಒಪ್ಪಿದವರೂ ಇದ್ದಾರೆ. 1788ರಲ್ಲಿ ಅಮೆರಿಕದ ನ್ಯೂಯಾರ್ಕ್ ಹೊಸ ಸಂವಿಧಾನ ಒಪ್ಪಲು ಮೀನಮೇಷ ಎಣಿಸುತ್ತಿದ್ದಾಗ, ಮುಂದೆ ಬೇಕಾದರೆ ಹೊರಬರುವ ಹಕ್ಕಿಟ್ಟುಕೊಂಡು ಸೇರಬಹುದೇ ಎಂದು ಆ ಸಂವಿಧಾನದ ಪರವಾಗಿದ್ದ ಹ್ಯಾಮಿಲ್ಟನ್ ತನ್ನ ಜೊತೆಗಾರ ಮ್ಯಾಡಿಸನ್‌ಗೆ ಪತ್ರ ಬರೆದು ಕೇಳಿದ. ಷರತ್ತು ಹಾಕಿ ಸೇರಿದರೆ ಸೇರಿದಂತಲ್ಲ ಎಂದು ಮ್ಯಾಡಿಸನ್ ಉತ್ತರಿಸಿದ. ಆ ಪತ್ರಗಳಲ್ಲಿ ಅಳುಕು ಕಾಣುತ್ತದೆ, ಜೀವವೂ ಕಾಣುತ್ತದೆ. ನಮ್ಮ ಅಳುಕನ್ನು ಆಡಿ ತೋರಿಸಿದವರು ಸಂವಿಧಾನ ಸಭೆಯಲ್ಲಿದ್ದ ಮೈಸೂರಿನ ಸದಸ್ಯ ಕೆಂಗಲ್ ಹನುಮಂತಯ್ಯ: ವೀಣೆಯ ನಾದ ಬಯಸಿದ್ದೆವು, ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿತು ಎಂಬ ಅವರ ಕೊರಗು ದೆಹಲಿಯ ಕಡತದಲ್ಲಿದೆ. ಮೈಸೂರಿನ ಘೋಷಣೆಗೆ ಅದರ ಗಾಳಿಯೂ ಸೋಕಿಲ್ಲ.

ಮಲೆನಾಡಿನಲ್ಲಿ ಕೂತು ಓದುವವರಿಗೆ ಇನ್ನೊಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಕುಪ್ಪಳ್ಳಿಯ ಕುವೆಂಪು 1936ರಲ್ಲೇ ‘ಕಾನೂರು ಹೆಗ್ಗಡಿತಿ’ಯಲ್ಲಿ ಮನೆಯೊಡೆಯ, ಒಕ್ಕಲು, ಆಳುಗಳ ಲೋಕವನ್ನು ಬಿಡಿಸಿಟ್ಟಿದ್ದರು. ಅರಮನೆಯ ಕಾಗದಕ್ಕೆ ಆ ಲೋಕ ಗೊತ್ತಿಲ್ಲ. ಸಂಸ್ಥಾನ ಮತ್ತು ಭಾರತದ ನಂಟು ಗಟ್ಟಿಯಾಗಲಿ ಎನ್ನುತ್ತದೆ. ಗದ್ದೆಯಲ್ಲಿ ಯಾರು ಯಾರಿಗೆ ಏನು ಅಳೆದುಕೊಡಬೇಕು ಎಂಬುದು ಅದರ ವಿಷಯವೇ ಅಲ್ಲ. ಅರಸರ ಲೆಕ್ಕ ಮಾತ್ರ ಚುಕ್ತಾ ಆಗಿತ್ತು. ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ, ಅದಕ್ಕೆ ಸಂವಿಧಾನದ 291ನೇ ವಿಧಿಯ ಭರವಸೆ ಇತ್ತು.

ಒಕ್ಕಲಿನ ಲೆಕ್ಕ ಬಾಕಿ ಉಳಿದಿತ್ತು. ಸಾಗರದ ಕಾಗೋಡಿನಲ್ಲಿ ಜಗಳ ಎದ್ದಿದ್ದು ಕೊಳಗಕ್ಕೆ. ಗೇಣಿ ಭತ್ತ ಅಳೆಯಲು ಧಣಿಗಳು ತರುತ್ತಿದ್ದ ಕೊಳಗ ದೊಡ್ಡದು. ಒಂದೊಂದು ಅಳತೆಗೂ ಒಕ್ಕಲಿನ ರಾಶಿಯಿಂದ ಒಂದಿಷ್ಟು ಹೆಚ್ಚಿಗೆ ಹೋಗುತ್ತಿತ್ತು. ಗಣರಾಜ್ಯಕ್ಕೆ ಒಂದು ವರ್ಷ ತುಂಬಿದ ಮೇಲೂ, 1951ರಲ್ಲಿ, ಗೇಣಿದಾರರು ಸತ್ಯಾಗ್ರಹ ಹೂಡಬೇಕಾಯಿತು. ರೈತ ಮುಖಂಡ ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಹಾಗೆಂದು ಆ ಘೋಷಣೆ ಬರೀ ಅರಮನೆಯ ಕಾಗದ ಎಂದು ತಳ್ಳಿಹಾಕುವಂತಿಲ್ಲ. ಅದು ಒಪ್ಪಿಕೊಂಡ ಸಂವಿಧಾನದಲ್ಲೇ ವಯಸ್ಕರೆಲ್ಲರಿಗೂ ಓಟು ಇತ್ತು. 1952ರ ಚುನಾವಣೆಯಲ್ಲಿ ಆ ಓಟಿನಿಂದಲೇ ಸಾಗರ–ಹೊಸನಗರದ ಮತದಾರರು ತೀರ್ಥಹಳ್ಳಿ ಸೀಮೆಯ ಆರಗದ ಹುಡುಗ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು ಸಮಾಜವಾದಿ ಪಕ್ಷದಿಂದ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು.