ಮೂರನೇ ಒಂದು ಪಾಲು ನೋಡಿ ಕೊಟ್ಟ ಬಿರುದು

ಮಾನವನ ಒಂಬತ್ತನೇ ವರ್ಣತಂತುವಿನ ಮೇಲೆ ಪಿಎಲ್‌ಎಎ ಎಂಬ ಜೀನ್ ಇದೆ. ‘ಫಾಸ್ಫೋಲೈಪೇಸ್ ಎ2 ಪ್ರಚೋದಕ ಪ್ರೋಟೀನ್’ ಎಂಬ ಬಿರುದು ಅದಕ್ಕೆ ಅಂಟಿ ಮೂವತ್ತು ವರ್ಷ ದಾಟಿದವು. ಈ ಖ್ಯಾತಿ ಅತಿಯಾಯಿತೆಂದೇ ನನ್ನ ತಕರಾರು. ಅದರ ನಿಜವಾದ ದುಡಿಮೆ ಯುಬಿಕ್ವಿಟಿನ್ ವ್ಯವಹಾರದ್ದು. ಯಾವ ಪ್ರೋಟೀನನ್ನು ಒಡೆಯಬೇಕು, ಯಾವುದನ್ನು ಸಾಗಿಸಬೇಕು ಎಂಬುದಕ್ಕೆ ಕೋಶ ಹಚ್ಚುವ ಗುರುತೇ ಯುಬಿಕ್ವಿಟಿನ್.

ನೇರ 1987ಕ್ಕೆ ಹೋಗೋಣ. ಜೇನುನೊಣದ ವಿಷದಲ್ಲಿರುವ ಮೆಲಿಟಿನ್, ಪೊರೆಯ ಕೊಬ್ಬನ್ನು ಕತ್ತರಿಸುವ ಫಾಸ್ಫೋಲೈಪೇಸ್ ಎ2 ಕಿಣ್ವವನ್ನು ಕೆರಳಿಸುತ್ತದೆ. ಸಸ್ತನಿಗಳ ಕೋಶದಲ್ಲೂ ಅಂಥದ್ದು ಇದ್ದೀತೆ ಎಂದು ಕ್ಲಾರ್ಕ್ ಮತ್ತು ಸಂಗಡಿಗರು ಹುಡುಕಿದರು. ಮೆಲಿಟಿನ್ ವಿರುದ್ಧದ ಪ್ರತಿಕಾಯ ಯಾವುದಕ್ಕೆ ಅಂಟಿತೋ ಅದನ್ನು ಶುದ್ಧಗೊಳಿಸಿ ಕಿಣ್ವಕ್ಕೆ ಬೆರೆಸಿದರು. ಚಟುವಟಿಕೆ ಏರಿತು. 1991ರಲ್ಲಿ ಕ್ಲೋನಿಂಗ್ ಆಗಿ ಹೆಸರೂ ಗಟ್ಟಿಯಾಯಿತು. ಜಾಣತನದ ಪ್ರಯೋಗ, ಅನುಮಾನವಿಲ್ಲ. ಆದರೆ ಮೆಲಿಟಿನ್ ಇರುವುದೇ 26 ಅಮೈನೋ ಆಮ್ಲಗಳಷ್ಟು. ಪ್ರತಿಕಾಯ ಗುರುತಿಸುವುದು ಅದರಲ್ಲೂ ಒಂದು ತುಣುಕನ್ನು. ತುಣುಕು ಹೋಲಿದ ಮಾತ್ರಕ್ಕೆ ಕಸುಬೂ ಹೋಲಬೇಕೆ? ಮೆಲಿಟಿನ್ ಪೊರೆಯನ್ನೇ ಕದಡುವ ವಸ್ತು. ಕದಡಿದ ಪೊರೆಯ ಮೇಲೆ ಈ ಕಿಣ್ವ ಚುರುಕಾಗುವುದರಲ್ಲಿ ಅಚ್ಚರಿಯಿಲ್ಲ. ಇನ್ನು ತೂಕದ ಲೆಕ್ಕ. ಆಗ ಸಿಕ್ಕ ಪ್ರೋಟೀನು ಸುಮಾರು 28 ಸಾವಿರ ಡಾಲ್ಟನ್. ಮಾನವನ ಪೂರ್ಣ ಪ್ರೋಟೀನು 795 ಅಮೈನೋ ಆಮ್ಲಗಳದ್ದು, ಹತ್ತಿರಹತ್ತಿರ 87 ಸಾವಿರ ಡಾಲ್ಟನ್. ಮೂರನೇ ಒಂದು ಪಾಲು ಕಂಡವರು ಇಡೀ ಜೀನಿಗೆ ಹೆಸರಿಟ್ಟರು.

ಪೂರ್ತಿ ಪ್ರೋಟೀನನ್ನು ಬಿಡಿಸಿ ನೋಡಿದರೆ ಕಥೆಯೇ ಬೇರೆ. ಮೊದಲ ತುದಿಯಲ್ಲಿ ಡಬ್ಲ್ಯುಡಿ40 ಘಟಕ, ನಡುವೆ ಪಿಎಫ್‌ಯು ಘಟಕ. ಎರಡೂ ಯುಬಿಕ್ವಿಟಿನ್‌ಗೆ ಅಂಟುತ್ತವೆ. ಕೊನೆಯ ಪಿಯುಎಲ್ ಘಟಕ, ಯುಬಿಕ್ವಿಟಿನ್ ಗುರುತು ಹೊತ್ತ ಪ್ರೋಟೀನುಗಳನ್ನು ಎಳೆದು ಬಿಡಿಸುವ ಪಿ97 ಎಂಬ ಯಂತ್ರದ ಬಾಲವನ್ನು ಹಿಡಿಯುತ್ತದೆ. ಯೀಸ್ಟ್‌ನಲ್ಲಿ ಇದರ ದಾಯಾದಿ ಡಿಒಎ1. ಅದಕ್ಕೂ ಪಿ97ರ ಯೀಸ್ಟ್ ರೂಪಕ್ಕೂ ಇರುವ ನಂಟನ್ನು ಯುಬಿಕ್ವಿಟಿನ್ ಸಂಶೋಧಕ ವರ್ಷಾವ್‌ಸ್ಕಿಯ ತಂಡ 1996ರಲ್ಲೇ ತೋರಿಸಿತ್ತು. ಡಿಒಎ1 ಇಲ್ಲದ ಕೋಶಕ್ಕೆ ಯುಬಿಕ್ವಿಟಿನ್ನಿಗೇ ಬರ ಬರುತ್ತದೆ. ಕೋಶದ ಕಸ ಕರಗಿಸುವ ಚೀಲಗಳಾದ ಲೈಸೋಸೋಮುಗಳು ಒಡೆದಾಗ ಅವನ್ನು ತೆರವುಗೊಳಿಸುವಲ್ಲಿ ಪಿ97ಗೆ ಪಿಎಲ್‌ಎಎ ಜೊತೆಗೂಡುತ್ತದೆಂದು 2017ರಲ್ಲಿ ತಿಳಿಯಿತು.

ಎದುರು ಪಕ್ಷಕ್ಕೂ ಸಾಕ್ಷ್ಯವಿದೆ, ಒಪ್ಪೋಣ. ಈ ಪ್ರೋಟೀನನ್ನು ಕೋಶದಲ್ಲಿ ಹೆಚ್ಚಿಸಿದರೆ, ಫಾಸ್ಫೋಲೈಪೇಸ್ ಕತ್ತರಿಸಿದ ಕೊಬ್ಬಿನಿಂದ ಹುಟ್ಟಿ ಉರಿಯೂತ ಕೆರಳಿಸುವ ಪ್ರೋಸ್ಟಾಗ್ಲಾಂಡಿನ್ ಏರುತ್ತದೆ. ಈ ಜೀನಿನ ರೂಪಾಂತರ ಹೊತ್ತ ರೋಗಿಗಳ ಕೋಶಗಳಲ್ಲಿ ಅದು ಕುಗ್ಗಿದ್ದೂ 2017ರಲ್ಲೇ ವರದಿಯಾಯಿತು. ಇದನ್ನೇ ಹಿಡಿದು ‘ಒಂದೇ ಪ್ರೋಟೀನಿಗೆ ಎರಡು ಕಸುಬು’ ಎಂದು ರಾಜಿ ಮಾಡಿಸುವವರಿದ್ದಾರೆ. ನನಗದು ಸೋಮಾರಿ ರಾಜಿಯಾಗಿ ಕಾಣುತ್ತದೆ. ಪ್ರೋಟೀನುಗಳ ಸಾಗಣೆಯೇ ಕೆಟ್ಟ ಕೋಶದಲ್ಲಿ ಪ್ರೋಸ್ಟಾಗ್ಲಾಂಡಿನ್ ಕುಗ್ಗಿದರೆ ಅದು ಮೂಲವೋ ಪರಿಣಾಮವೋ? ಆ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲ.

‘ಹೆಸರು ಬರೀ ಗುರುತು, ಬಿಡಿ’ ಎನ್ನುವವರು ಇನ್ನೊಂದು ಬಣ. ಅವರು ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ ಬರಲಿ. ಅಲ್ಲಿನ ದುರ್ಗ ಗುಡಿಗೆ ಹೆಸರು ಬಂದದ್ದು ಪಕ್ಕದ ಕೋಟೆಯಿಂದ. ಜನ ಮಾತ್ರ ಒಳಗೆ ದುರ್ಗಾದೇವಿಯನ್ನು ಹುಡುಕುತ್ತಾರೆ. ಅದರ ಗಜಪೃಷ್ಠ ನೋಡಿ ಬೌದ್ಧ ಚೈತ್ಯದ ಸಂತಾನವೆಂದು ಬರೆದ ವಿದ್ವಾಂಸರೂ ಇದ್ದರು. ಸೂರ್ಯನ ಗುಡಿ ಎನ್ನಲು ಶಾಸನ ಓದಬೇಕಾಯಿತು.

ಜೀನಿನ ವಿಷಯದಲ್ಲಿ ಹೆಸರು ನಂಬಿ ಹಿಡಿಯುವ ಇಂಥ ಅಡ್ಡದಾರಿ ದುಬಾರಿ. ಪಿಎಲ್‌ಎಎಯ ಎರಡೂ ಪ್ರತಿ ಕೆಟ್ಟ ಮಕ್ಕಳಲ್ಲಿ ತಲೆ ಬೆಳೆಯದೆ ಉಳಿಯುತ್ತದೆ, ಕೈಕಾಲು ಸೆಡೆಯುತ್ತವೆ, ಫಿಟ್ಸ್ ಬರುತ್ತದೆ. ವರದಿಯಾದ ಕುಟುಂಬಗಳು ದೂರದ ದೇಶಗಳವು, ಒಳಸಂಬಂಧದ ಮದುವೆಯವು. ಬಾದಾಮಿ, ಇಳಕಲ್ಲಿನಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಇಂದಿಗೂ ಹೊಸತಲ್ಲ. ಅಂಥ ಮನೆಗೆ ನಾಳೆ ಈ ಜೀನಿನ ವರದಿ ಬಂದರೆ, ‘ಫಾಸ್ಫೋಲೈಪೇಸ್’ ಎಂಬ ಪದವೇ ಓದುವವರನ್ನು ಉರಿಯೂತದ ಔಷಧದತ್ತ ಕರೆದೊಯ್ದೀತು. ಆ ವರದಿಯ ಮೊದಲ ಸಾಲಿನಲ್ಲಿ ಇರಬೇಕಾದ್ದು ಯುಬಿಕ್ವಿಟಿನ್ ಮತ್ತು ಪಿ97. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಎಂಬ ಮಾತು ಅದರ ಕೆಳಗೇ ಬರಲಿ.