ಕಥೆಗೆ ಮೊದಲೇ ಇದ್ದ ಕಟ್ಟಡ

ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಸರೋವರದ ದಂಡೆಯಲ್ಲಿ 1893ರಲ್ಲಿ ಸಾಲ್ಟೇರ್ ಎಂಬ ವಿಹಾರಮಂದಿರ ತಲೆಯೆತ್ತಿತು. ಗುಮ್ಮಟ, ಕಮಾನು, ಒಳಗೆ ವಿಶಾಲವಾದ ನೃತ್ಯಶಾಲೆ. 1925ರಲ್ಲಿ ಬೆಂಕಿಗೆ ಸಿಕ್ಕಿತು, ಮತ್ತೆ ಕಟ್ಟಿದರು. ಸರೋವರದ ನೀರು ಹಿಂದೆ ಸರಿಯಿತು, ಬರುವ ಜನ ಕಡಿಮೆಯಾದರು, 1958ರಲ್ಲಿ ಬಾಗಿಲು ಹಾಕಿದರು. ಅದಾಗಿ ಕೆಲವೇ ವರ್ಷಗಳಲ್ಲಿ ಹರ್ಕ್ ಹಾರ್ವೆ ಎಂಬವರು ಕ್ಯಾಲಿಫೋರ್ನಿಯಾದಿಂದ ಕಾನ್ಸಾಸ್‌ನ ತಮ್ಮೂರು ಲಾರೆನ್ಸ್‌ಗೆ ಕಾರಿನಲ್ಲಿ ಮರಳುತ್ತಿದ್ದಾಗ, ಇಳಿಬಿಸಿಲಿನಲ್ಲಿ ನಿಂತಿದ್ದ ಈ ಪಾಳು ಕಟ್ಟಡ ಕಣ್ಣಿಗೆ ಬಿತ್ತು. ಊರಿಗೆ ಬಂದವರೇ ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಅವರ ಬಳಿ ಒಂದು ಕಥೆ ಬೇಕೆಂದರು. ಷರತ್ತು ಒಂದೇ: ಕೊನೆಯಲ್ಲಿ ಆ ನೃತ್ಯಶಾಲೆಯಲ್ಲಿ ಸತ್ತವರು ಕುಣಿಯಬೇಕು. ಮಿಕ್ಕಿದ್ದೆಲ್ಲ ಬರೆಯುವವರಿಗೆ ಬಿಟ್ಟದ್ದು.

ಹೀಗೆ ಹುಟ್ಟಿದ ಸಿನಿಮಾ 1962ರ 'ಕಾರ್ನಿವಲ್ ಆಫ್ ಸೋಲ್ಸ್'. ಖರ್ಚು ಸುಮಾರು 33,000 ಡಾಲರ್. ಹಣದಲ್ಲಿ ಒಂದು ಪಾಲು ಲಾರೆನ್ಸ್‌ನ ವ್ಯಾಪಾರಿಗಳದ್ದು. ಸಾಲ್ಟೇರ್‌ಗೆ ಕೊಟ್ಟ ಬಾಡಿಗೆ 50 ಡಾಲರ್. ಹಾರ್ವೆ ತಮ್ಮ ನೌಕರಿಯಿಂದ ಮೂರು ವಾರ ರಜೆ ಪಡೆದು ಚಿತ್ರೀಕರಣ ಮುಗಿಸಿದರು. ಅವರು ಮಾಡಿದ ಕಥಾಚಿತ್ರ ಇದೊಂದೇ.

ಹಳೆಯ ಕಾಲದ ಕಡಿಮೆ ಬಜೆಟ್ಟಿನ ಸಿನಿಮಾಗಳನ್ನು ಹೇಗೆ ನೋಡಬೇಕೆಂದು ಕೇಳುವ ಓದುಗರಿಗೆ ನಾನು ಮೊದಲು ತೋರಿಸುವುದು ಈ ಚಿತ್ರವನ್ನೇ. ಇಂಥ ಸಿನಿಮಾ ಹಾಕಿಕೊಂಡು ಕುಳಿತಾಗ ಕಥೆ ಹುಟ್ಟುವ ಮೊದಲೇ ಅಲ್ಲಿದ್ದ ವಸ್ತು ಯಾವುದೆಂದು ಹುಡುಕಿ. ಒಂದು ಕಟ್ಟಡ, ಕೆಡವದೆ ಉಳಿದ ಒಂದು ಸೆಟ್, ಎರಡು ದಿನಕ್ಕಷ್ಟೇ ಸಿಗುವ ಒಬ್ಬ ನಟ, ಯಾವುದೋ ಹಳೆಯ ಚಿತ್ರದ ಇಪ್ಪತ್ತು ನಿಮಿಷದ ರೀಲು. ಅದು ಸಿಕ್ಕಿತೆಂದರೆ ಚಿತ್ರ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಹಾರ್ವೆ ದುಡಿಯುತ್ತಿದ್ದುದು ಲಾರೆನ್ಸ್‌ನ ಸೆಂಟ್ರಾನ್ ಎಂಬ ಕಂಪನಿಯಲ್ಲಿ. ಶಾಲೆಗಳಿಗೆ ನಡವಳಿಕೆಯ ಪಾಠ, ಕಾರ್ಖಾನೆಗಳಿಗೆ ಸುರಕ್ಷತೆಯ ಪಾಠ ಹೇಳುವ ಕಿರುಚಿತ್ರಗಳು ಅದರ ಕಸುಬು. ಆ ಕಸುಬಿನ ಕೈ 'ಕಾರ್ನಿವಲ್' ಚಿತ್ರದ ಮೊದಲ ದೃಶ್ಯದಲ್ಲೇ ಕಾಣುತ್ತದೆ. ಪೀಠಿಕೆಯಿಲ್ಲ. ಎರಡು ಕಾರುಗಳು ಪಂದ್ಯಕ್ಕೆ ಬಿದ್ದು ಓಡುತ್ತವೆ, ಹಳೆಯ ಸೇತುವೆಯ ಮೇಲೆ ಒಂದು ಕಾರು ಆಯತಪ್ಪಿ ಹೊಳೆಗೆ ಬೀಳುತ್ತದೆ. ರಸ್ತೆ ಸುರಕ್ಷತೆಯ ಸರ್ಕಾರಿ ಕಿರುಚಿತ್ರವೊಂದರ ಆರಂಭ ಹೇಗಿರುತ್ತದೋ ಹಾಗೇ ಇದೆ. ಅಂಥ ಚಿತ್ರದಲ್ಲಾದರೆ ಮುಂದೆ ಉಪದೇಶ ಬರಬೇಕು. ಇಲ್ಲಿ ಮೇರಿ ಹೆನ್ರಿ ಎಂಬ ಹುಡುಗಿ ಮೈತುಂಬ ಕೆಸರು ಹೊತ್ತು ನೀರಿನಿಂದ ಎದ್ದು ಬರುತ್ತಾಳೆ. ನಾಲ್ಕು ದಿನ ಸುಧಾರಿಸಿಕೊಂಡವಳಂತೆ ಕಾರು ಹತ್ತಿ ಸಾಲ್ಟ್ ಲೇಕ್ ಸಿಟಿಗೆ ಹೊರಡುತ್ತಾಳೆ, ಅಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ. ದಾರಿಯಲ್ಲಿ ಕಾರಿನ ಕಿಟಕಿಯ ಗಾಜಿನಾಚೆ ಬಿಳಿಚಿದ ಒಂದು ಮುಖ. ಆ ಮುಖ ಹಾರ್ವೆಯವರದ್ದೇ.

ಮೇರಿ ಯಾಕೆ ಆರ್ಗನ್ ವಾದಕಿ? ಲಾರೆನ್ಸ್‌ನಲ್ಲಿ ರಾಯ್ಟರ್ ಎಂಬ ಆರ್ಗನ್ ತಯಾರಿಕಾ ಕಾರ್ಖಾನೆ ಇತ್ತು. ಚಿತ್ರದ ಆರಂಭದ ಭಾಗದಲ್ಲಿ ಸಾಲುಸಾಲು ಕೊಳವೆಗಳ ನಡುವೆ ಮೇರಿ ಕುಳಿತಿರುವುದು ಅಲ್ಲೇ. ನಾಯಕಿಯ ಕಸುಬೇ ಆರ್ಗನ್ ಆದಮೇಲೆ ಹಿನ್ನೆಲೆ ಸಂಗೀತಕ್ಕೆ ವಾದ್ಯಗೋಷ್ಠಿ ಬೇಕಿಲ್ಲ. ಜೀನ್ ಮೂರ್ ಅವರ ಆರ್ಗನ್ ಒಂದೇ ಇಡೀ ಚಿತ್ರಕ್ಕೆ ಸಾಕಾಯಿತು. ಮಿತವ್ಯಯ ಎಂದು ಇಲ್ಲಿಗೇ ಬಿಟ್ಟರೆ ನಷ್ಟ ನಮ್ಮದು. ಆ ಸಂಗೀತ ಹೊರಗಿನಿಂದ ಬರುತ್ತಿದೆಯೋ, ಮೇರಿಯ ತಲೆಯೊಳಗಿಂದ ಬರುತ್ತಿದೆಯೋ ಎಂಬ ಗೊಂದಲ ಚಿತ್ರದುದ್ದಕ್ಕೂ ಉಳಿಯುತ್ತದೆ. ಚರ್ಚಿನಲ್ಲಿ ಒಂಟಿಯಾಗಿ ಅಭ್ಯಾಸ ಮಾಡುವಾಗ ಅವಳ ಬೆರಳುಗಳು ತಾವಾಗಿಯೇ ಬೇರೇನನ್ನೋ ನುಡಿಸತೊಡಗುವ ದೃಶ್ಯದಲ್ಲಿ ಈ ಗೊಂದಲ ಮೈ ಜುಮ್ಮೆನ್ನಿಸುವಷ್ಟು ಗಟ್ಟಿಯಾಗುತ್ತದೆ. ಮೇರಿಯಾಗಿ ನಟಿಸಿದ ಕ್ಯಾಂಡೇಸ್ ಹಿಲ್ಲಿಗಾಸ್ ಅವರ ಕಣ್ಣುಗಳನ್ನು ಆಗ ನೋಡಬೇಕು. ಕೈ ತನ್ನದು, ನುಡಿಸುತ್ತಿರುವುದು ತಾನಲ್ಲ ಎಂಬ ಬೆರಗು ಅಲ್ಲಿ ನೆಟ್ಟಿದೆ.

ಇನ್ನೊಂದು ದೃಶ್ಯ ಬಟ್ಟೆಯಂಗಡಿಯದು. ಮೇರಿ ಹೊಸ ಉಡುಪು ಹಾಕಿ ನೋಡಲು ಒಳಕೋಣೆಗೆ ಹೋಗುತ್ತಾಳೆ. ಚಿತ್ರ ಒಂದು ಕ್ಷಣ ನೀರಿನಂತೆ ಅಲುಗುತ್ತದೆ. ಹೊರಗೆ ಬಂದರೆ ಅಂಗಡಿಯ ಹುಡುಗಿಗೆ ಇವಳು ಕಾಣಿಸುತ್ತಿಲ್ಲ, ಕೇಳಿಸುತ್ತಿಲ್ಲ. ಬೀದಿಗೆ ಬರುತ್ತಾಳೆ, ಅಲ್ಲೂ ಅಷ್ಟೇ. ವಾಹನಗಳು ಓಡುತ್ತಿವೆ, ಜನ ಮಾತಾಡುತ್ತಿದ್ದಾರೆ, ಜಗತ್ತಿನ ಸದ್ದು ಮಾತ್ರ ನಿಂತಿದೆ. ಉದ್ಯಾನದಲ್ಲಿ ಒಂದು ಮರಕ್ಕೆ ಒರಗಿದಾಗ ಹಕ್ಕಿಯ ಚಿಲಿಪಿಲಿ ಕೇಳಿ ಎಲ್ಲವೂ ಮರಳುತ್ತದೆ. ಇದಕ್ಕೆ ತಗಲಿದ ಖರ್ಚೇನು? ಧ್ವನಿಪಥದಿಂದ ಸುತ್ತಲಿನ ಸದ್ದನ್ನು ತೆಗೆದುಬಿಟ್ಟರು, ಅಷ್ಟೆ. ಕೋಟಿ ಸುರಿದ ಭೂತದ ಚಿತ್ರಗಳಲ್ಲಿ ನಾನು ಇದಕ್ಕಿಂತ ಹೆಚ್ಚು ಒಂಟಿತನ ಕಂಡಿಲ್ಲ. ಕೊನೆಯಲ್ಲಿ ಸಾಲ್ಟೇರ್‌ನ ನೃತ್ಯಶಾಲೆಯಲ್ಲಿ ಏನಾಗುತ್ತದೆಂದು ಬರೆಯುವುದಿಲ್ಲ, ನೋಡಿ. ಕಟ್ಟಡ ಈಗಿಲ್ಲ, 1970ರಲ್ಲಿ ಸುಟ್ಟುಹೋಯಿತು. ಅದರ ಒಳಾಂಗಣ ಹೇಗಿತ್ತೆಂದು ತಿಳಿಯಲು ಈ ಸಿನಿಮಾ ಒಳ್ಳೆಯ ದಾಖಲೆ ಕೂಡ ಹೌದು.

ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಎಲ್ಲರಿಗೂ ಗೊತ್ತಿರುವ ಚಿತ್ರ, ಹಾಗಾಗಿ ಒಂದೇ ಮಾತು. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ತೆಗೆಯುತ್ತಿದ್ದ ರೊಮೆರೊ ಮತ್ತು ಗೆಳೆಯರಿಗೆ ಸಿಕ್ಕಿದ್ದು ಕೆಡವಲು ನಿಗದಿಯಾಗಿದ್ದ ಒಂದು ತೋಟದ ಮನೆ. ಹೇಗೂ ಬೀಳಲಿರುವ ಮನೆ, ಏನು ಬೇಕಾದರೂ ಮಾಡಬಹುದು. ಚಿತ್ರದ ಅರ್ಧ ಶಕ್ತಿ ಅಲ್ಲಿದೆ: ನಾಯಕ ನಟ ಡ್ವೇನ್ ಜೋನ್ಸ್ ಬಾಗಿಲು ಕಿತ್ತು, ಹಲಗೆ ಒಡೆದು, ನಿಜವಾದ ಕಿಟಕಿಗೆ ನಿಜವಾದ ಮೊಳೆ ಬಡಿಯುತ್ತಾರೆ. ಸ್ಟುಡಿಯೊದ ಪ್ಲೈವುಡ್ ಗೋಡೆ ಆ ಸದ್ದು ಕೊಡುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಮಾತನ್ನು ಈ ಚಿತ್ರಗಳಿಗೆ ಅನ್ವಯಿಸುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ದೊಡ್ಡ ಕಥೆ ಹಿಡಿದು, ದುಡ್ಡು ಸಾಲದೆ ಕಾಲು ಮಡಿಸಿಕೊಂಡ ಸಿನಿಮಾಗಳು ಸಾವಿರ ಇವೆ. ಅವುಗಳಲ್ಲಿ ಕೊರತೆ ಪ್ರತಿ ದೃಶ್ಯದಲ್ಲೂ ಎದ್ದು ಕಾಣುತ್ತದೆ. ಇದ್ದ ವಸ್ತುವಿನಿಂದಲೇ ಕಥೆ ಎಬ್ಬಿಸಿದ ಸಿನಿಮಾದಲ್ಲಿ ಕೊರತೆಯೇ ಇರುವುದಿಲ್ಲ. ಆ ಕಥೆಗೆ ಬೇಕಾದ್ದೆಲ್ಲ ಅಲ್ಲಿಯೇ ಇರುತ್ತದೆ.

ಈ ಭೇದ ಕಣ್ಣಿಗೆ ಕಟ್ಟಬೇಕಾದರೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡರ ಕಚ್ಚಾವಸ್ತು ಒಂದೇ: ಭಯಾನಕ ಚಿತ್ರಗಳ ಒಬ್ಬ ಮುಪ್ಪಾದ ತಾರೆ.

ಮೊದಲನೆಯದು ಎಡ್ ವುಡ್ ಅವರ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್'. ಡ್ರಾಕುಲಾ ಪಾತ್ರದಿಂದ ಹೆಸರಾದ ಬೇಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ಲುಗೋಸಿಯವರ ಕೆಲವು ನಿಮಿಷಗಳ ಮೂಕ ದೃಶ್ಯವನ್ನು ವುಡ್ ತೆಗೆದಿಟ್ಟಿದ್ದರು. ಅದರಲ್ಲಿ ಮುದುಕನೊಬ್ಬ ಮನೆಯಿಂದ ಹೊರಬಂದು, ಗಿಡದಿಂದ ಒಂದು ಹೂ ಕಿತ್ತು ಮೂಸಿ ನೋಡುತ್ತಾನೆ. ಹೆಂಡತಿಯನ್ನು ಕಳೆದುಕೊಂಡವನ ಪಾತ್ರ. ಆ ಒಂದು ತುಣುಕು ಎಷ್ಟು ಕರುಳು ಹಿಂಡುವಂತಿದೆ ಎಂದರೆ, ಒಂದು ಇಡೀ ಚಿತ್ರ ಅದರಿಂದಲೇ ಹುಟ್ಟಬಹುದಿತ್ತು. ವುಡ್ ಅದಕ್ಕೆ ಹಾರುವ ತಟ್ಟೆಗಳನ್ನು, ಅನ್ಯಗ್ರಹದವರನ್ನು, ವಿಮಾನದ ಕಾಕ್‌ಪಿಟ್ಟನ್ನು ಅಂಟಿಸಿದರು. ಯಾವುದೂ ಅವರ ಬಳಿ ಇರಲಿಲ್ಲ. ಲುಗೋಸಿಯ ಉಳಿದ ಭಾಗಕ್ಕೆ ಅವರಿಗಿಂತ ಎತ್ತರದ ಇನ್ನೊಬ್ಬರನ್ನು ಕರೆತಂದು, ಮುಖಕ್ಕೆ ನಿಲುವಂಗಿ ಅಡ್ಡ ಹಿಡಿಸಿದರು. ಈ ಚಿತ್ರವನ್ನು ನೋಡಿ ನಗುವವರ ದೊಡ್ಡ ಕೂಟವೇ ಜಗತ್ತಿನಲ್ಲಿದೆ. ಆ ಕೂಟಕ್ಕೆ ನಾನು ಸೇರಿದವನಲ್ಲ. ಕೈಯಲ್ಲಿದ್ದ ಚಿನ್ನದ ಬೆಲೆ ಗುರುತಿಸದೆ ಹೋದ ಒಬ್ಬ ಸಿನಿಮಾ ಪ್ರೇಮಿಯ ದುಃಖ ಅದರಲ್ಲಿ ನನಗೆ ಕಾಣುತ್ತದೆ.

ಎರಡನೆಯದು ಪೀಟರ್ ಬೊಗ್ದಾನೊವಿಚ್ ಅವರ ಮೊದಲ ಮುಖ್ಯ ಚಿತ್ರ 'ಟಾರ್ಗೆಟ್ಸ್' (1968). ಕಡಿಮೆ ಖರ್ಚಿನ ಚಿತ್ರಗಳ ಮಹಾಗುರು ರೋಜರ್ ಕಾರ್ಮನ್ ಇದರ ಹಿಂದಿದ್ದಾರೆ. ಉಳಿದಿದ್ದ ಸೆಟ್ಟಿನಲ್ಲಿ ಎರಡು ದಿನಕ್ಕೆ 'ದ ಲಿಟ್ಲ್ ಶಾಪ್ ಆಫ್ ಹಾರರ್ಸ್' (1960) ಮುಗಿಸಿದವರು ಅವರು. ಬೋರಿಸ್ ಕಾರ್ಲಾಫ್ ಅವರಿಂದ ಕಾರ್ಮನ್‌ಗೆ ಎರಡು ದಿನದ ನಟನೆ ಬಾಕಿಯಿತ್ತು. ಯುವಕ ಬೊಗ್ದಾನೊವಿಚ್‌ಗೆ ಕಾರ್ಮನ್ ಒಪ್ಪಿಸಿದ ಲೆಕ್ಕ ಹೀಗೆ: ಕಾರ್ಲಾಫ್ ನಟಿಸಿದ್ದ ನನ್ನ 'ದ ಟೆರರ್' (1963) ಚಿತ್ರದಿಂದ ಇಪ್ಪತ್ತು ನಿಮಿಷ ತೆಗೆದುಕೋ, ಕಾರ್ಲಾಫ್ ಜೊತೆ ಎರಡು ದಿನದಲ್ಲಿ ಇಪ್ಪತ್ತು ನಿಮಿಷ ತೆಗಿ, ಬೇರೆ ನಟರೊಂದಿಗೆ ನಲವತ್ತು ನಿಮಿಷ, ಚಿತ್ರ ಸಿದ್ಧ.

ಬೊಗ್ದಾನೊವಿಚ್ ಮತ್ತು ಪತ್ನಿ ಪಾಲಿ ಪ್ಲಾಟ್ ಈ ಮೂರು ತುಂಡುಗಳನ್ನು ಹಿಡಿದು ಕುಳಿತರು. ಹಳೆಯ ಗೋಥಿಕ್ ಚಿತ್ರದ ತುಣುಕನ್ನು ಹೊಸ ಕಥೆಯೊಳಗೆ ಹೇಗೆ ಅಡಗಿಸುವುದು? ಅವರು ಅಡಗಿಸಲೇ ಇಲ್ಲ. 'ಟಾರ್ಗೆಟ್ಸ್' ಶುರುವಾಗುವುದೇ 'ದ ಟೆರರ್' ಕೊನೆಯ ದೃಶ್ಯದಿಂದ. ತುಣುಕು ಮುಗಿದೊಡನೆ ದೀಪ ಹತ್ತುತ್ತದೆ. ಅದು ಒಂದು ಖಾಸಗಿ ಪ್ರದರ್ಶನದ ಕೋಣೆ. ತನ್ನ ಚಿತ್ರವನ್ನು ತಾನೇ ನೋಡಿ ಬೇಸತ್ತ ಹಿರಿಯ ನಟ ಬೈರನ್ ಓರ್ಲಾಕ್ ಇನ್ನು ಸಾಕು ಎನ್ನುತ್ತಾನೆ. ಓರ್ಲಾಕ್ ಆಗಿ ನಟಿಸಿರುವುದು ಕಾರ್ಲಾಫ್. ಕೋಟೆ, ಶವಪೆಟ್ಟಿಗೆಗಳಿಗೆ ಈಗ ಯಾರು ಹೆದರುತ್ತಾರೆ ಎಂಬುದು ಅವನ ಪ್ರಶ್ನೆ. ಅದೇ ಊರಿನ ಒಂದು ಅಚ್ಚುಕಟ್ಟಾದ ಮನೆಯಲ್ಲಿ ಬಾಬಿ ಎಂಬ ಸೌಮ್ಯ ಯುವಕ ಬಂದೂಕುಗಳನ್ನು ಕೂಡಿಡುತ್ತಿದ್ದಾನೆ. 1966ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ವಿಶ್ವವಿದ್ಯಾಲಯದ ಗೋಪುರವೇರಿದ ಒಬ್ಬಾತ ಕಂಡವರತ್ತ ಗುಂಡು ಹಾರಿಸಿ ಹಲವರನ್ನು ಕೊಂದ ಘಟನೆಯ ನೆರಳು ಈ ಪಾತ್ರದ ಮೇಲಿದೆ.

ಎರಡು ಕಥೆಗಳೂ ಸೇರುವುದು ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಒಂದು ಡ್ರೈವ್-ಇನ್ ಚಿತ್ರಮಂದಿರದಲ್ಲಿ. ಅಲ್ಲಿ ಓಡುತ್ತಿರುವುದು 'ದ ಟೆರರ್'. ಬಾಬಿ ಬೃಹತ್ ಪರದೆಯ ಹಿಂದಿನ ಅಟ್ಟಣಿಗೆಯಲ್ಲಿ ಕುಳಿತು ಪರದೆಯ ತೂತಿನಿಂದ ಪ್ರೇಕ್ಷಕರತ್ತ ಗುಂಡು ಹಾರಿಸುತ್ತಾನೆ. ಕೊನೆಗೆ ಪರದೆಯ ಮೇಲೆ ಓರ್ಲಾಕ್ ಅವನತ್ತ ನಡೆದು ಬರುತ್ತಿದ್ದಾನೆ, ನೆಲದ ಮೇಲೆ ಕೋಲೂರಿಕೊಂಡು ನಿಜವಾದ ಓರ್ಲಾಕ್ ಬರುತ್ತಿದ್ದಾನೆ. ಎತ್ತ ತಿರುಗಬೇಕೆಂದು ತಿಳಿಯದೆ ಬಾಬಿ ತಬ್ಬಿಬ್ಬಾಗುತ್ತಾನೆ. ಕಾರ್ಮನ್ ಕೊಟ್ಟ ಹಳೆಯ ರೀಲು ಇಲ್ಲದಿದ್ದರೆ ಈ ದೃಶ್ಯವೇ ಇಲ್ಲ. 80ರ ಆಸುಪಾಸಿನಲ್ಲಿದ್ದ ಕಾರ್ಲಾಫ್ ಕಾಲುನೋವಿನಲ್ಲೂ ಬಾಕಿಯ ಎರಡು ದಿನಕ್ಕಿಂತ ಹೆಚ್ಚು ದುಡಿದರು. 1969ರ ಫೆಬ್ರುವರಿಯಲ್ಲಿ ನಿಧನರಾದರು. ಒಬ್ಬ ನಟನ ಬದುಕಿಡೀ ಸಂಪಾದನೆಗೆ ಸಿನಿಮಾ ಸಲ್ಲಿಸಿದ ಗೌರವಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ತಿಳಿದಿಲ್ಲ.

ನಟನ ಹಿಂದಿನ ಬದುಕನ್ನೇ ಬಂಡವಾಳ ಮಾಡಿಕೊಂಡ ಉದಾಹರಣೆ ನಮ್ಮಲ್ಲೂ ಇದೆ. ಅದೇ 1968ರಲ್ಲಿ ದೊರೆ-ಭಗವಾನ್ ಜೋಡಿ ಜೇಮ್ಸ್ ಬಾಂಡ್ ಮಾದರಿಯ 'ಜೇಡರ ಬಲೆ' ತೆಗೆಯಿತು. ಬಾಂಡ್ ಚಿತ್ರಗಳ ಹಣ ಗಾಂಧಿನಗರದಲ್ಲಿ ಎಲ್ಲಿಂದ ಬರಬೇಕು? ಇದ್ದದ್ದು ರಾಜ್‌ಕುಮಾರ್. 'ಬೇಡರ ಕಣ್ಣಪ್ಪ'ನಿಂದ ಆಚೆಗೆ ಭಕ್ತನಾಗಿ, ರಾಜನಾಗಿ ಜನ ಕಣ್ಣಿಗೊತ್ತಿಕೊಂಡಿದ್ದ ಆ ಮುಖಕ್ಕೆ ಸೂಟು ತೊಡಿಸಿ ಸಿ.ಐ.ಡಿ. 999 ಎಂದು ಕರೆದರು. ಪ್ರೇಕ್ಷಕರಿಗೆ ಆ ಮುಖದ ಮೇಲಿದ್ದ ನಂಬಿಕೆಯೇ ಚಿತ್ರದ ಆಸ್ತಿ. ಅದೇ ವರ್ಷ ಬಂದ ಮುಂದಿನ ಚಿತ್ರದಲ್ಲಂತೂ ಜಾಗವೇ ಶೀರ್ಷಿಕೆಯಾಯಿತು: 'ಗೋವಾದಲ್ಲಿ ಸಿ.ಐ.ಡಿ. 999'. ಪೋರ್ಚುಗೀಸರು ಬಿಟ್ಟು ಸುಮಾರು ಏಳು ವರ್ಷವಷ್ಟೇ ಆಗಿದ್ದ ಗೋವಾ ಆಗಿನ ಕನ್ನಡ ಪ್ರೇಕ್ಷಕರಿಗೆ ಪಕ್ಕದಲ್ಲೇ ಇದ್ದ ಹೊರದೇಶದಂತಿತ್ತು.

ಹಿಂದಿಯ ಭಯಾನಕ ಚಿತ್ರಗಳ ರಾಮ್ಸೆ ಸೋದರರ ಬಳಿ ಇದ್ದ ವಸ್ತು ಅವರ ಕುಟುಂಬವೇ. ನಿರ್ದೇಶನ, ಕ್ಯಾಮೆರಾ, ಧ್ವನಿ, ಸಂಕಲನ, ಬರವಣಿಗೆ ಎಲ್ಲವನ್ನೂ ಏಳು ಅಣ್ಣತಮ್ಮಂದಿರು ಹಂಚಿಕೊಂಡು, ಮಹಾಬಲೇಶ್ವರದಲ್ಲಿ ಬೀಡುಬಿಟ್ಟು 'ದೋ ಗಜ್ ಜಮೀನ್ ಕೇ ನೀಚೆ' (1972) ತೆಗೆದರು. 

ನೋಡಲು ಹೊರಟವರಿಗೆ ಎರಡು ಸೂಚನೆ. 'ಕಾರ್ನಿವಲ್ ಆಫ್ ಸೋಲ್ಸ್' ಮತ್ತು 'ನೈಟ್ ಆಫ್ ದ ಲಿವಿಂಗ್ ಡೆಡ್' ಎರಡೂ ಹಕ್ಕುಸ್ವಾಮ್ಯದ ಸೂಚನೆ ಪ್ರತಿಯಲ್ಲಿ ಮುದ್ರಿತವಾಗದೆ ಅಮೆರಿಕದಲ್ಲಿ ಎಲ್ಲರ ಸೊತ್ತಾದವು. ಆದ್ದರಿಂದ ಅಂತರ್ಜಾಲದ ತುಂಬ ಇವುಗಳ ಪ್ರತಿಗಳಿವೆ, ಬಹುಪಾಲು ಮಸುಕು. ಕಪ್ಪು ಕಪ್ಪಾಗಿ ಕಾಣದಿದ್ದರೆ ಕಾರಿನ ಕಿಟಕಿಯಲ್ಲಿ ಮೂಡುವ ಆ ಬಿಳಿ ಮುಖಕ್ಕೆ ಬೆಲೆಯೇ ಇಲ್ಲ. ಎರಡೂ ಚಿತ್ರಗಳಿಗೆ ಒಳ್ಳೆಯ ಪುನಶ್ಚೇತನದ ಪ್ರತಿಗಳು ಬಂದಿವೆ, ಕ್ರೈಟೀರಿಯನ್ ಸಂಸ್ಥೆಯವು ನಂಬಬಹುದಾದವು. ಇನ್ನು 'ಟಾರ್ಗೆಟ್ಸ್' ನೋಡುವವರು ಅದಕ್ಕೆ ಮೊದಲು 'ದ ಟೆರರ್' ನೋಡಿಕೊಳ್ಳಿ. ಅದು ಅಷ್ಟೇನೂ ಚೆನ್ನಾಗಿಲ್ಲ, ಕಥೆ ನಡುನಡುವೆ ದಾರಿ ತಪ್ಪುತ್ತದೆ, ಆದರೂ ಕೊನೆಯತನಕ ನೋಡಿ. ಅದರ ದೃಶ್ಯಗಳು 'ಟಾರ್ಗೆಟ್ಸ್' ಪರದೆಯ ಮೇಲೆ ಮತ್ತೆ ಬಂದಾಗ ಡ್ರೈವ್-ಇನ್‌ನಲ್ಲಿ ಕುಳಿತವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿರಬೇಕು.