ಮುಳ್ಳಿನ ಮೇಲೆ ಹೊರಿಸುವ ತಪ್ಪು

ಹಳೆಯ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತೆಂದರೆ ಎಷ್ಟೋ ಗ್ಯಾರೇಜುಗಳಲ್ಲಿ ನಡೆಯುವುದು ಒಂದೇ ಕ್ರಮ. ರೇಡಿಯೇಟರ್ ತೊಳೆಯುತ್ತಾರೆ, ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ, ಆಗಲೂ ಮುಳ್ಳು ಇಳಿಯದಿದ್ದರೆ "ಮೀಟರೇ ಹೋಗಿದೆ ಸಾರ್" ಎನ್ನುತ್ತಾರೆ. ಥರ್ಮೋಸ್ಟಾಟ್ ಕಳೆದುಕೊಂಡ ಇಂಜಿನ್ ಹದವಾಗಿ ಬಿಸಿಯಾಗಲು ತಡಮಾಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಇಷ್ಟೆಲ್ಲ ನಡೆಯುವಾಗ ಪಕ್ಕದ ಪೆಟ್ರೋಲ್ ಮುಳ್ಳು ಎಲ್ಲಿ ನಿಂತಿದೆ ಎಂದು ಯಾರೂ ನೋಡಿರುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

1960ರ ದಶಕದ ನಡುವಿನಿಂದ ಬಂದ ಅನೇಕ ಬ್ರಿಟಿಷ್ ಕಾರುಗಳಲ್ಲಿರುವ ಸ್ಮಿತ್ಸ್ ಕಂಪನಿಯ ಮೀಟರುಗಳನ್ನೇ ತೆಗೆದುಕೊಳ್ಳಿ. ಅವುಗಳ ಮುಳ್ಳನ್ನು ಸರಿಸುವುದು ಒಂದು ಬೈಮೆಟಲ್ ಪಟ್ಟಿ. ಕರೆಂಟ್ ಹರಿದಂತೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳು ನಿಧಾನವಾಗಿ ಏರುತ್ತದೆ. ಬ್ಯಾಟರಿಯ ವೋಲ್ಟೇಜ್ 12ರ ಆಸುಪಾಸಿನಿಂದ ಚಾರ್ಜ್ ಆಗುವಾಗ 14ರವರೆಗೂ ಹೋಗುತ್ತದೆ. ಅದರೊಂದಿಗೆ ಮುಳ್ಳೂ ಓಲಾಡಬಾರದೆಂದು ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟದೊಂದು ವೋಲ್ಟೇಜ್ ಸ್ಟೆಬಿಲೈಸರ್ ಕೂರಿಸಿದ್ದಾರೆ. ಪೆಟ್ರೋಲ್, ಟೆಂಪರೇಚರ್ ಎರಡಕ್ಕೂ ಅದೊಂದೇ. ಅದರ ಅರ್ತ್ ತಪ್ಪಿದರೆ ಒಳಗಿನ ಕಾಂಟ್ಯಾಕ್ಟ್ ಬಿಡಿಸಿಕೊಳ್ಳುವುದೇ ಇಲ್ಲ. ಬ್ಯಾಟರಿಯ ಪೂರ್ತಿ ವೋಲ್ಟೇಜ್ ನುಗ್ಗಿ ಎರಡೂ ಮುಳ್ಳುಗಳು ಜೊತೆಯಾಗಿ ಮೇಲೇರುತ್ತವೆ. ಟ್ಯಾಂಕಿನಲ್ಲಿರುವುದಕ್ಕಿಂತ ಹೆಚ್ಚು ಪೆಟ್ರೋಲ್ ತೋರಿಸುತ್ತಲೇ ಇಂಜಿನ್ ಕಾದಿದೆ ಎಂದೂ ಹೇಳುವ ಕಾರಿಗೆ ಮೊದಲು ನೋಡಬೇಕಾದದ್ದು ರೇಡಿಯೇಟರನ್ನಲ್ಲ, ಆ ತುಕ್ಕು ಹಿಡಿದ ಅರ್ತ್ ಸ್ಕ್ರೂವನ್ನು.

ಇಲ್ಲಿ ಡಿಜಿಟಲ್ ಮಲ್ಟಿಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಸ್ಟೆಬಿಲೈಸರ್ ಕರೆಂಟನ್ನು ಬಿಟ್ಟು ತಡೆದು, ಬಿಟ್ಟು ತಡೆದು ಸರಾಸರಿ 10 ವೋಲ್ಟ್ ಕೊಡುತ್ತದೆ. ಮಲ್ಟಿಮೀಟರಿನಲ್ಲಿ ಅಂಕಿ ಕುಣಿಯುವುದನ್ನು ಕಂಡು ಚೆನ್ನಾಗಿರುವ ಸ್ಟೆಬಿಲೈಸರನ್ನೇ ಕಿತ್ತುಹಾಕುವುದು ಸುಲಭ. ಹಳೆಯ ಟೆಸ್ಟ್ ಲ್ಯಾಂಪೇ ಈ ಕೆಲಸಕ್ಕೆ ಮೇಲು: ಮಿನುಗಿದರೆ ಕೆಲಸ ಮಾಡುತ್ತಿದೆ, ಒಂದೇ ಸಮ ಉರಿಯುತ್ತಲೇ ಇದ್ದರೆ ಅರ್ತ್ ಇಲ್ಲ ಅಥವಾ ಕಾಂಟ್ಯಾಕ್ಟ್ ಅಂಟಿಕೊಂಡಿದೆ.

ಒಂದೇ ಮುಳ್ಳು ಕೈಕೊಟ್ಟರೆ ಬಲ್ಲ ಎಲೆಕ್ಟ್ರಿಷಿಯನ್ ಮಾಡುವ ಪರೀಕ್ಷೆ ಸರಳ, ನಾನು ಬಹಳ ಮೆಚ್ಚುವಂಥದ್ದು. ಸೆನ್ಸರಿನಿಂದ ವೈರ್ ಬಿಡಿಸಿ ಬಾಡಿಗೆ ಅರ್ತ್ ಮಾಡಿ, ಇಗ್ನಿಷನ್ ಆನ್ ಮಾಡುತ್ತಾರೆ. ಮುಳ್ಳು ಒಂದು ತುದಿಗೆ ಏರಿ, ವೈರ್ ತೆಗೆದಾಗ ಇನ್ನೊಂದು ತುದಿಗೆ ಬಂದರೆ ಮೀಟರೂ ವೈರಿಂಗೂ ಸರಿಯಾಗಿವೆ. ದೋಷ ಸೆನ್ಸರಿನಲ್ಲಿ ಅಥವಾ ಅದರ ಅರ್ತಿನಲ್ಲಿ. ಎರಡು ನಿಮಿಷದಲ್ಲಿ, ಪೈಸೆ ಖರ್ಚಿಲ್ಲದೆ ಅರ್ಧ ಕಾರನ್ನು ಅನುಮಾನದಿಂದ ಹೊರಗಿಡುವ ಉಪಾಯವಿದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ಅಲೆಯುವ ಮೊದಲು ಇದನ್ನು ಮಾಡಲೇಬೇಕು. ಆದರೆ ವೈರನ್ನು ಅರ್ತ್ ಮಾಡಿ ಹಾಗೇ ಹೆಚ್ಚು ಹೊತ್ತು ಬಿಟ್ಟರೆ ಬೈಮೆಟಲ್ ಮೀಟರ್ ಸುಟ್ಟುಹೋಗಬಹುದು. ಟ್ಯಾಂಕ್ ಹತ್ತಿರವಂತೂ ಇಗ್ನಿಷನ್ ಆಫ್ ಇರುವಾಗಲೇ ವೈರ್ ಜೋಡಿಸಬೇಕು, ಬಿಡಿಸಬೇಕು; ಅಲ್ಲಿ ಒಂದು ಕಿಡಿಯೂ ಹಾರಕೂಡದು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಅದು ಎರಡು ತುದಿಗಳನ್ನು ಮಾತ್ರ ನೋಡುತ್ತದೆ, ನಡುವಿನ ಅಳತೆಯ ಬಗ್ಗೆ ಏನೂ ಹೇಳುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಸೆನ್ಸರಾದ ಟ್ಯಾಂಕ್ ಯೂನಿಟ್ಟಿನ ತಂತಿ ಒಂದು ಕಡೆ ಸವೆದಿದ್ದರೆ ಅಷ್ಟು ಜಾಗದಲ್ಲಿ ಮಾತ್ರ ಮುಳ್ಳು ಧೊಪ್ಪನೆ ಬೀಳುತ್ತದೆ. ಅದು ಗೊತ್ತಾಗಬೇಕಾದರೆ ಯೂನಿಟ್ ಹೊರತೆಗೆದು, ಫ್ಲೋಟಿನ ಕಡ್ಡಿಯನ್ನು ಮೆಲ್ಲಗೆ ಆಡಿಸುತ್ತ ಓಮ್ಸ್ ನೋಡಬೇಕು. ಇಲ್ಲಿ ಮಲ್ಟಿಮೀಟರ್ ಬೇಕೇ ಬೇಕು. ಟೆಂಪರೇಚರ್ ಸೆನ್ಸರನ್ನು ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಓಮ್ಸ್ ಒಂದೇ ಸಮ ಇಳಿಯುತ್ತ ಹೋಗಬೇಕು.

ನನಗೆ ನಿಜಕ್ಕೂ ಭಯವಿರುವುದು ಮೀಟರ್, ವೈರಿಂಗ್, ಸೆನ್ಸರ್ ಯಾವುದೂ ಕೆಟ್ಟಿರದ ಸಂದರ್ಭದ ಬಗ್ಗೆ. ಘಾಟಿ ಹತ್ತುವಾಗ ಹೋಸ್ ಒಡೆದು ನೀರೆಲ್ಲ ಸೋರಿತೆನ್ನಿ. ಸೆನ್ಸರಿನ ತುದಿ ಈಗ ನೀರಿನಲ್ಲಿಲ್ಲ, ಖಾಲಿ ಜಾಗದಲ್ಲಿದೆ. ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ತಣ್ಣನೆಯ ಕಡೆಗೆ ಇಳಿಯಬಹುದು. ಆಮೇಲೆ ಗ್ಯಾರೇಜಿನಲ್ಲಿ ಅರ್ತ್ ಮಾಡಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮುಳ್ಳು ಹಾಗೆ ಬಿದ್ದ ಕೂಡಲೇ ಗಾಡಿಯನ್ನು ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ, ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆದು ನೀರು ಎಷ್ಟಿದೆ ನೋಡಬೇಕು.